ಕಬ್ಬಿಣ ಆಮೇಲೆ, ಮೊದಲು ಕಾವು ನೋಡಿ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಇದ್ದೇವೆ. ಹೆಂಡತಿಯ ತವರು ಸಕಲೇಶಪುರದ ಹತ್ತಿರ, ಕಾಫಿ ತೋಟ ಇದೆ. ರಜೆ ಸಿಕ್ಕಾಗ ತೋಟದ ಅಂಚಿನಲ್ಲಿ ಹಳ್ಳದ ಪಕ್ಕ ಟೆಂಟ್ ಹಾಕಿ ಒಂದೆರಡು ರಾತ್ರಿ ಇರುತ್ತೇವೆ. ಬೆಂಕಿ ಹಾಕಿ ಅಲ್ಲೇ ಅಡುಗೆ. ಬುಷ್‌ಕ್ರಾಫ್ಟ್ (ಕಾಡಿನಲ್ಲಿ ಬದುಕುವ ಕಲೆ) ವಿಡಿಯೊ ನೋಡಿ ನೋಡಿ ಒಂದು ಒಳ್ಳೆ ಕೊಡಲಿ ತಗೊಳ್ಳುವ ಆಸೆ ಆಗಿದೆ. ಸ್ವೀಡನ್ನಿನ ಕೊಡಲಿಗೆ ಹತ್ತು ಸಾವಿರದ ಮೇಲೆ ಹೇಳುತ್ತಾರೆ. ಊರಿನ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಯಾವುದು ತಗೊಳ್ಳಲಿ? ಎಷ್ಟು ಉದ್ದ, ಎಷ್ಟು ತೂಕ? ಹನ್ನೊಂದು ವರ್ಷದ ಮಗ ತಾನೂ ಕೊಡಲಿ ಹಿಡಿಯಬೇಕು ಅಂತಾನೆ. ಕೊಡಬಹುದಾ?

ಉತ್ತರ: ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ಮೊಳಕ್ಕಿಂತ ಚೂರು ಜಾಸ್ತಿ ಉದ್ದದ, ಅಂದರೆ 48ರಿಂದ 52 ಸೆಂಟಿಮೀಟರಿನ ಮರದ ಕಾವು (ಹಿಡಿಕೆ). 700ರಿಂದ 800 ಗ್ರಾಂ ತೂಗುವ ತಲೆ. ಜೊತೆಗೆ ಒಂದು ಮಡಚುವ ಗರಗಸ. ಸ್ವೀಡನ್ನಿನದು ಈಗಲೇ ಬೇಡ. ಸಕಲೇಶಪುರದ ಸಂತೆಯಲ್ಲೋ ಅಂಗಡಿಯಲ್ಲೋ ಒಳ್ಳೆ ತಲೆ ಒಂದನ್ನು ಆರಿಸಿ, ಕಾವು ಬೇರೆ ಹಾಕಿಸಿಕೊಳ್ಳಿ. ಮಗನಿಗೆ ಕೊಡಬಹುದು. ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಇಷ್ಟನ್ನೇ ಓದಿ ಅಂಗಡಿಗೆ ಹೋದರೆ ಮಾತ್ರ ತಪ್ಪು ಕೊಡಲಿ ಮನೆಗೆ ಬರುತ್ತದೆ. ಕೊಡಲಿ ಕೊಳ್ಳುವ ಹತ್ತರಲ್ಲಿ ಒಂಬತ್ತು ಜನ ಕಬ್ಬಿಣ ನೋಡುತ್ತಾರೆ. ಕಂಪನಿ ಹೆಸರು ನೋಡುತ್ತಾರೆ. ಕಾವು ನೋಡುವುದಿಲ್ಲ. ನಾನು ಶಿರಸಿ ಕಡೆಯವನು. ಅಡಕೆ ಬೇಯಿಸುವ ಕಾಲದಲ್ಲಿ ನಮ್ಮಲ್ಲಿ ಗಾಡಿಗಟ್ಟಲೆ ಸೌದೆ ಬೇಕು, ಹಾಗಾಗಿ ಚಿಕ್ಕಂದಿನಿಂದ ಕೊಡಲಿ ಕೈಯಲ್ಲೇ ಇದೆ. ಈಗ ಇಪ್ಪತ್ತು ವರ್ಷದಿಂದ ಮಕ್ಕಳನ್ನೂ ದೊಡ್ಡವರನ್ನೂ ನಮ್ಮ ಬೆಟ್ಟದಲ್ಲಿ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಕೊಡಲಿಯಿಂದ ಆದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಕಾವಿನಿಂದಲೇ ಆಗಿದ್ದು. ಅದಕ್ಕೇ ಈ ಉತ್ತರ ಉದ್ದ ಆಗುತ್ತದೆ.

ಮೊದಲು, ಕ್ಯಾಂಪಿನಲ್ಲಿ ಕೊಡಲಿಗೆ ಏನು ಕೆಲಸ ಅಂತ ನೋಡೋಣ. ವಿಡಿಯೊಗಳಲ್ಲಿ ಮರ ಉರುಳಿಸುತ್ತಾರೆ, ದಿಮ್ಮಿ ಜೋಡಿಸಿ ಗೂಡು ಕಟ್ಟುತ್ತಾರೆ. ಅದು ಸ್ವೀಡನ್, ಫಿನ್ಲೆಂಡ್, ಕೆನಡಾದ ಪೈನ್ ಮತ್ತು ಬರ್ಚ್ ಕಾಡಿನ ಬದುಕು. ಹಿಮ ಬಿದ್ದ ರಾತ್ರಿ ಪೂರ್ತಿ ಉರಿಯುವ ದಪ್ಪ ದಿಮ್ಮಿ ಅಲ್ಲಿ ಬೇಕೇ ಬೇಕು. ನಿಮಗೆ ಬೇಕಿರುವುದು ಅನ್ನ ಬೇಯಿಸೋಕೆ, ಕಾಫಿ ಕಾಸೋಕೆ, ಊಟ ಆದ ಮೇಲೆ ಎರಡು ತಾಸು ಬೆಚ್ಚಗೆ ಕೂರೋಕೆ ಸಾಕಾಗುವಷ್ಟು ಸೌದೆ. ಮಣಿಕಟ್ಟಿನ ದಪ್ಪದ ಕೊಂಬೆಯನ್ನು ಗರಗಸ ಒಂದು ನಿಮಿಷದಲ್ಲಿ ಕೊಯ್ದು ಕೊಡುತ್ತದೆ. ಕೊಡಲಿಯಲ್ಲಿ ಅದನ್ನೇ ಕಡಿದರೆ ಅರ್ಧ ಮರ ಚಕ್ಕೆಯಾಗಿ ಹಾರಿ ಹೋಗುತ್ತದೆ, ಕೈಯೂ ಸೋಲುತ್ತದೆ. ಬಳ್ಳಿ, ಸೊಪ್ಪು, ಸಣ್ಣ ಕೊಂಬೆಗೆ ತೋಟದವರ ಸೊಂಟದಲ್ಲಿ ನೇತಾಡುವ ಕತ್ತಿಯೇ ಸಾಕು. ಬಿದಿರಿಗಂತೂ ಕೊಡಲಿ ಹಾಕಲೇಬೇಡಿ. ಬಿದಿರು ಉರುಟು, ಮೇಲ್ಮೈ ನುಣುಪು, ಒಳಗೆ ಟೊಳ್ಳು. ಏಟು ಜಾರಿ ಸೀದಾ ಕಾಲಿನ ಕಡೆಗೇ ಬರುತ್ತದೆ.

ಹಾಗಾದರೆ ಕೊಡಲಿಗೆ ಉಳಿಯುವುದು ಒಂದೇ ಕೆಲಸ, ಸೌದೆ ಸೀಳುವುದು. ಅದು ಸಣ್ಣ ಕೆಲಸ ಅಂದುಕೊಳ್ಳಬೇಡಿ.

ಒಂದು ವರ್ಷ ಜೂನ್ ಕೊನೆಯ ವಾರ. ಮೂರು ದಿನದಿಂದ ಮಳೆ ಹಿಡಿದಿತ್ತು. ಏಳು ಜನ ಮಕ್ಕಳು ನನ್ನ ಜೊತೆ ಇದ್ದರು. ನೆಲದಲ್ಲಿ ಬಿದ್ದಿದ್ದ ಕಟ್ಟಿಗೆ ಎಲ್ಲಾ ಸ್ಪಂಜಿನ ಹಾಗೆ ಆಗಿತ್ತು. ನಿಂತಲ್ಲೇ ಒಣಗಿದ್ದ ಒಂದು ಸಿಲ್ವರ್ ಓಕ್ ಮರದ ಕೊಂಬೆಯನ್ನು ಗರಗಸದಲ್ಲಿ ಇಳಿಸಿ, ಒಂದೂವರೆ ಗೇಣಿನ ತುಂಡು ಮಾಡಿದೆವು. ತೊಗಟೆ ಒತ್ತಿದರೆ ನೀರು ಜಿನುಗುತ್ತಿತ್ತು. ಮಕ್ಕಳು ‘ಇದು ಉರಿಯೋದಿಲ್ಲ ಅಣ್ಣಾ’ ಅಂದರು. ಕೊಡಲಿಯ ಬಾಯಿಯನ್ನು, ಅಂದರೆ ಹರಿತದ ಅಂಚನ್ನು, ತುಂಡಿನ ತಲೆಗೆ ತಾಗಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿನ ಮೇಲೆ ಕುಟ್ಟಿದೆ. ಎರಡು ಹೋಳಾಯಿತು. ಮತ್ತೆ ಸೀಳಿದಾಗ ನಾಲ್ಕು. ಒಳಗಿನ ತಿರುಳು ನಸುಗೆಂಪಗೆ, ಒಣಗಿಕೊಂಡಿತ್ತು. ಒಂದು ಹುಡುಗಿಯ ಕೈಗೆ ಕೊಟ್ಟು ‘ಕೆನ್ನೆಗೆ ಒತ್ತಿ ನೋಡು’ ಅಂದೆ. ಹಸಿ ಸೌದೆ ಕೆನ್ನೆಗೆ ತಣ್ಣಗೆ ಹತ್ತುತ್ತದೆ, ಒಣಗಿದ್ದು ಹತ್ತುವುದಿಲ್ಲ. ಅವಳ ಮುಖ ಅರಳಿತು. ಒದ್ದೆ ತೊಗಟೆ ಕಿತ್ತು ಹಾಕಿ, ತಿರುಳನ್ನು ಬೆರಳಿನ ದಪ್ಪಕ್ಕೆ ಸೀಳಿ, ಚಾಕುವಿನಿಂದ ಸುರುಳಿ ಸುರುಳಿಯಾಗಿ ಕೆತ್ತಿ ಹೊತ್ತಿಸಿದೆವು. ಅರ್ಧ ಗಂಟೆಯಲ್ಲಿ ಗಂಜಿ ಕುದಿಯಿತು. ಮಲೆನಾಡಿನ ಮಳೆಯಲ್ಲಿ ಒಣ ಸೌದೆ ಇರುವುದು ಮರದ ಒಳಗೆ. ಅದನ್ನು ಹೊರಗೆ ತೆಗೆಯುವುದಕ್ಕೇ ಕೊಡಲಿ ಬೇಕು.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೀವು ಕೊಡಲಿ ಬಳಸುವುದು ನಿಮ್ಮ ಮಾವನವರ ತೋಟದೊಳಗೆ ಮಾತ್ರ ಇರಲಿ. ಬಿಸಿಲೆ ಕಡೆಯ ಮೀಸಲು ಅರಣ್ಯದಲ್ಲಿ ಮರ ಕಡಿಯುವುದು, ಬೆಂಕಿ ಹಾಕುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಹಿಡಿದು ಹೋಗುವುದೇ ತಪ್ಪು ಅಂತ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 31ನೇ ಕಲಂ ಹೇಳುತ್ತದೆ. ಆ ಕಾಯ್ದೆಯಲ್ಲಿ ಆಯುಧ ಅಂದರೆ ಕೋವಿ ಮಾತ್ರ ಅಲ್ಲ, ಚಾಕುವೂ ಸೇರುತ್ತದೆ. ಸ್ವಂತ ಜಮೀನಿನಲ್ಲೂ ನಿಂತ ಮರ ಕಡಿಯೋಕೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ. ಒಣಗಿದ ಕೊಂಬೆ, ಕಾಫಿ ಗಿಡ ಸವರಿದಾಗ ಸಿಗುವ ಕಟ್ಟಿಗೆ ಬಿಟ್ಟು ಬೇರೆಯದಕ್ಕೆ ಕೈ ಹಾಕಬೇಡಿ. ಹಾಗೆಯೇ, ಸಕಲೇಶಪುರ, ಆಲೂರು ಕಡೆ ಆನೆ ಓಡಾಟ ಜಾಸ್ತಿ. ಹಳ್ಳದ ಪಕ್ಕ ಟೆಂಟ್ ಹಾಕುವ ಮೊದಲು ತೋಟದ ಆಳುಗಳನ್ನು ಪ್ರತಿ ಸಲವೂ ಕೇಳಿಕೊಳ್ಳಿ.

ಈಗ ಅಳತೆಗೆ ಬರೋಣ. ಪೇಟೆಯಲ್ಲಿ ‘ಕ್ಯಾಂಪಿಂಗ್ ಆಕ್ಸ್’ ಅಂತ ಮಾರುವುದು ಬಹುಪಾಲು ಕೈಗೊಡಲಿ. ಒಂದೂವರೆ ಗೇಣು ಉದ್ದ, ಅರ್ಧ ಕಿಲೊ ಆಸುಪಾಸಿನ ತಲೆ, ಒಂದೇ ಕೈಯಲ್ಲಿ ಬೀಸುವಂಥದ್ದು. ಚೀಲದಲ್ಲಿ ಹಿಡಿಯುತ್ತದೆ, ಮುದ್ದಾಗಿ ಕಾಣುತ್ತದೆ. ಚಿಕ್ಕದು ಅಂದರೆ ಅಪಾಯ ಕಡಿಮೆ ಅಂತ ಎಲ್ಲರಿಗೂ ಅನಿಸುತ್ತದೆ. ನಿಜ ಅಂದರೆ ಉಲ್ಟಾ. ಉದ್ದ ಕೊಡಲಿಯ ಏಟು ತಪ್ಪಿದರೆ ಅದು ಮುಂದೆ ನೆಲಕ್ಕೆ ಬಡಿಯುತ್ತದೆ. ಗಿಡ್ಡ ಕೊಡಲಿಯ ಏಟು ತಪ್ಪಿದರೆ ಅದರ ಸುತ್ತು ನೆಲ ಮುಟ್ಟುವ ಮೊದಲೇ ನಿಮ್ಮ ಮೊಣಕಾಲನ್ನೋ ಮುಂಗಾಲನ್ನೋ ಮುಟ್ಟುತ್ತದೆ. ನಿಂತುಕೊಂಡು ಕೈಗೊಡಲಿ ಬೀಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಹಾಗಂತ ಸೌದೆ ಒಡೆಯುವ ಮನೆ ಕೊಡಲಿ ಹೊತ್ತುಕೊಂಡು ಹೋಗುವುದೂ ಕಷ್ಟ. ಅದರ ತಲೆಯೇ ಒಂದೂವರೆ, ಎರಡು ಕಿಲೊ. ನಡುವೆ ಇರುವುದು ಎರಡು ಅಳತೆ. ಒಂದು, ನಾನು ಮೇಲೆ ಹೇಳಿದ ಐವತ್ತು ಸೆಂಟಿಮೀಟರಿನದು. ಇನ್ನೊಂದು, ತಲೆಯನ್ನು ಅಂಗೈಯಲ್ಲಿ ಹಿಡಿದು ಕೈ ಚಾಚಿದರೆ ಕಾವಿನ ತುದಿ ಕಂಕುಳಿಗೆ ಬರುವಂಥದ್ದು, ಸುಮಾರು 60ರಿಂದ 65 ಸೆಂಟಿಮೀಟರ್, ತಲೆ ಒಂದು ಕಿಲೊ. ಎರಡನೆಯದು ಕಡಿಯೋಕೆ ತುಂಬಾ ಚೆನ್ನ. ಕಾವು ಉದ್ದ ಆದಷ್ಟೂ ತಲೆ ಜೋರಾಗಿ ಬರುತ್ತದೆ, ಏಟಿನ ಬಲ ತೂಕಕ್ಕಿಂತ ವೇಗದಿಂದಲೇ ಜಾಸ್ತಿ ಬೆಳೆಯುತ್ತದೆ. ಆದರೆ ನಿಮಗೆ ಕಡಿಯುವ ಕೆಲಸ ಇಲ್ಲ, ಸೀಳುವ ಕೆಲಸ ಇದೆ. ಐವತ್ತರದ್ದು ಎರಡು ಕೈಗೂ ಬರುತ್ತದೆ, ಕಾವಿನ ಮೇಲ್ಗಡೆ ಹಿಡಿದರೆ ಒಂದು ಕೈಗೂ ಬರುತ್ತದೆ. ಕೆತ್ತುವ ಸಣ್ಣ ಕೆಲಸಕ್ಕೂ ಆಗುತ್ತದೆ. ಅದನ್ನೇ ತಗೊಳ್ಳಿ.

ಇನ್ನು ಕಾವು. ‘ಕೊಡಲಿ ಕಾವು ಕುಲಕ್ಕೆ ಸಾವು’ ಅಂತ ಗಾದೆ ಇದೆ, ಅಲ್ವಾ? ಮರದಿಂದ ಬಂದ ಕಾವೇ ಮರಕ್ಕೆ ಶತ್ರು ಅನ್ನುವ ಅರ್ಥದಲ್ಲಿ. ಕೆಟ್ಟ ಕಾವು ಮನುಷ್ಯನ ಕುಲಕ್ಕೂ ಒಳ್ಳೆಯದು ಮಾಡುವುದಿಲ್ಲ.

ಹಲವು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಕೊಡಲಿ ತರಿಸಿದ್ದೆ. ನೋಡೋಕೆ ಚೆಂದ. ಕಾವಿಗೆ ದಪ್ಪ ವಾರ್ನಿಷ್, ಕನ್ನಡಿಯ ಹಾಗೆ ಹೊಳಪು. ಮನೆಯ ಹಿಂದೆ ಅಕೇಶಿಯಾ ತುಂಡು ಸೀಳೋಕೆ ನಿಂತೆ. ಹತ್ತು ಹನ್ನೆರಡು ಏಟು ಹಾಕಿರಬಹುದು. ಕಾವು ಓರೆಯಾಗಿ ಚಟ್ ಅಂತ ಮುರಿದು, ತಲೆ ಮೂರು ಮಾರು ದೂರ ಹೋಗಿ ಬಿತ್ತು. ಆ ಕಡೆ ಯಾರೂ ಇರಲಿಲ್ಲ, ಅದು ದೇವರ ದಯೆ. ಮುರಿದ ಕಾವನ್ನು ಕೈಗೆತ್ತಿಕೊಂಡು ನೋಡಿದೆ. ಮರದ ಎಳೆ ಕಾವಿನ ಉದ್ದಕ್ಕೆ ಓಡಿರಲೇ ಇಲ್ಲ. ಅರ್ಧದಲ್ಲೇ ಓರೆಯಾಗಿ ಪಕ್ಕಕ್ಕೆ ಹೊರಟುಹೋಗಿತ್ತು. ಎಳೆ ಹೊರಗೆ ಹೋದ ಜಾಗದಲ್ಲೇ ಮುರಿದಿತ್ತು. ವಾರ್ನಿಷ್ ದಪ್ಪ ಇದ್ದದ್ದರಿಂದ ಕೊಳ್ಳುವಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆವತ್ತಿನಿಂದ ನಾನು ಕಾವು ನೋಡುವ ರೀತಿ ಹೀಗಿದೆ. ಮೊದಲು ಕಾವಿನ ಪಕ್ಕ ನೋಡಿ. ಎಳೆಗಳು ತಲೆಯಿಂದ ಹಿಡಿವರೆಗೆ ನದಿ ಹರಿದ ಹಾಗೆ ಒಂದೇ ಸಮ ಓಡಬೇಕು. ಪಕ್ಕಕ್ಕೆ ಹೊರಟರೆ ಅಲ್ಲೇ ಕೆಳಗಿಡಿ. ಆಮೇಲೆ ಕಾವಿನ ಕೆಳತುದಿಯನ್ನು ತಿರುಗಿಸಿ ನೋಡಿ. ಅಲ್ಲಿ ಮರದ ಬೆಳವಣಿಗೆಯ ಗೆರೆಗಳು ಕಾಣುತ್ತವೆ. ಆ ಗೆರೆಗಳು ಕೊಡಲಿಯ ಬಾಯಿ ಇರುವ ದಿಕ್ಕಿಗೇ ಇದ್ದರೆ ಕಾವು ಗಟ್ಟಿ. ಬಾಯಿಗೆ ಅಡ್ಡಕ್ಕೆ ಇದ್ದರೆ ಏಟಿಗೆ ಪದರ ಪದರವಾಗಿ ಬಿಡುತ್ತದೆ. ಚೂರು ಓರೆ ಇದ್ದರೆ ಪರವಾಗಿಲ್ಲ. ನಡುವೆ ಗಂಟು ಇರಬಾರದು. ಬಣ್ಣ ಬಳಿದ ಕಾವನ್ನು ನಾನು ಮುಟ್ಟುವುದೇ ಇಲ್ಲ. ಬಣ್ಣದ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತು? ವಾರ್ನಿಷ್ ಇದ್ದರೆ ಮನೆಗೆ ತಂದು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಿರಿ. ನುಣುಪು ಕಾವು ಬೆವರಿದ ಅಂಗೈಯಲ್ಲಿ ಜಾರುತ್ತದೆ, ಬೊಬ್ಬೆಯೂ ಬೇಗ ಬರುತ್ತದೆ.

ಕೊನೆಗೆ ಒಂದು ಕಣ್ಣು ಮುಚ್ಚಿ, ಕಾವಿನ ಬುಡದಿಂದ ತಲೆಯ ಕಡೆ ನೋಡಿ. ಬಂದೂಕಿನ ಗುರಿ ನೋಡಿದ ಹಾಗೆ. ಕೊಡಲಿಯ ಬಾಯಿ ಕಾವಿನ ನೇರಕ್ಕೇ ಕೂತಿರಬೇಕು. ಒಂದು ಪಕ್ಕಕ್ಕೆ ತಿರುಗಿದ್ದರೆ ಎಷ್ಟು ಗುರಿಯಿಟ್ಟು ಹೊಡೆದರೂ ಏಟು ಸೊಟ್ಟಗೇ ಬೀಳುತ್ತದೆ.

ಕಾವಿಗೆ ಯಾವ ಮರ? ಅಮೆರಿಕದ ಕೊಡಲಿಗಳಿಗೆ ಹಿಕರಿ ಹಾಕುತ್ತಾರೆ, ಸ್ವೀಡನ್ನಿನವರೂ ಈಗ ಅದನ್ನೇ ತರಿಸಿ ಹಾಕುತ್ತಾರೆ. ಬಾಗುತ್ತದೆ, ಮುರಿಯುವುದಿಲ್ಲ, ಏಟಿನ ಅದುರನ್ನು ಕೈಗೆ ಬಿಡುವುದಿಲ್ಲ. ಅದಕ್ಕೆ ಸರಿಸಾಟಿ ಮರ ನಮ್ಮಲ್ಲೂ ಇದೆ. ಮಲೆನಾಡಿನಲ್ಲಿ ದಡಸಲು ಅನ್ನುತ್ತೇವೆ, ಕೆಲವು ಕಡೆ ತಡಸಲು. ಬಿಲ್ಲಿನ ಹಾಗೆ ಬಾಗಿ ಮತ್ತೆ ನೆಟ್ಟಗಾಗುವ ಮರ. ಬಯಲುಸೀಮೆಯಲ್ಲಿ ಜಾಲಿ. ಗಾಡಿಗೂ ನೇಗಿಲಿಗೂ ಬರುವ ಜಾಲಿ ಕಾವಿಗೂ ಬರುತ್ತದೆ, ಸ್ವಲ್ಪ ಭಾರ ಜಾಸ್ತಿ. ದಿಂಡಿಗವೂ ಒಳ್ಳೆಯದು. ಸಿಲ್ವರ್ ಬೇಡ. ತೋಟದಲ್ಲಿ ಸುಮ್ನೆ ಸಿಗುತ್ತದೆ ಅಂತ ಅದರ ಕಾವು ಹಾಕಿಕೊಂಡವರನ್ನು ನೋಡಿದ್ದೇನೆ. ಒಂದು ಬೇಸಿಗೆ ಬಾಳುವುದಿಲ್ಲ.

ಮರ ಎಷ್ಟೇ ಒಳ್ಳೆಯದಿದ್ದರೂ ಒಣಗಿರಬೇಕು. ಹಸಿ ಮರದ ಕಾವು ಹಾಕಿದರೆ ಎರಡು ತಿಂಗಳಲ್ಲಿ ಕುಗ್ಗಿ ತಲೆ ಅಲ್ಲಾಡುತ್ತದೆ. ಬಡಗಿಯ ಹತ್ತಿರ ಕೇಳುವಾಗ ‘ಎಷ್ಟು ದಿನ ಒಣಗಿಸಿದ್ದು?’ ಅಂತ ಕೇಳಿ. ಒಂದು ವರ್ಷ ನೆರಳಲ್ಲಿ ಒಣಗಿದ್ದು ಅಂದರೆ ಕಣ್ಣು ಮುಚ್ಚಿ ತಗೊಳ್ಳಿ.

ಕಾವು ಕೂರಿಸುವುದರಲ್ಲಿ ಎರಡು ಪದ್ಧತಿ ಇದೆ. ನಮ್ಮ ಕಡೆಯ ಕೆಲವು ಹಳೇ ಕೊಡಲಿಗಳಿಗೆ ತೂತು ಉರುಟಾಗಿರುತ್ತದೆ. ಗುದ್ದಲಿ, ಪಿಕಾಸಿಗೆ ಹಾಕಿದ ಹಾಗೆ ಕಾವನ್ನು ಮೇಲಿನಿಂದ ಇಳಿಸುತ್ತಾರೆ. ಕಾವಿನ ಮೇಲ್ತುದಿ ದಪ್ಪ ಇರುವುದರಿಂದ ಬೀಸಿದಷ್ಟೂ ತಲೆ ಬಿಗಿಯಾಗುತ್ತದೆ. ಹಾರಿಹೋಗುವ ಭಯ ಇಲ್ಲ. ಬಿಚ್ಚಿ ಚೀಲದಲ್ಲಿ ಇಟ್ಟುಕೊಂಡೂ ಹೋಗಬಹುದು. ಇದು ಜಾಣ ಕೆಲಸ, ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಒಂದೇ ಕೊರತೆ, ಉರುಟು ಕಾವು ಅಂಗೈಯಲ್ಲಿ ತಿರುಗುತ್ತದೆ. ಹಿಡಿಯುವ ಜಾಗವನ್ನು ಮೊಟ್ಟೆಯ ಆಕಾರಕ್ಕೆ ಹೆರೆದುಕೊಂಡರೆ ಸರಿಹೋಗುತ್ತದೆ. ಇನ್ನೊಂದು ಪದ್ಧತಿಯಲ್ಲಿ ಕಾವು ಕೆಳಗಿನಿಂದ ಬರುತ್ತದೆ, ಮೇಲೆ ಸೀಳು ಕೊಟ್ಟು ಮರದ ಬೆಣೆ ಹೊಡೆಯುತ್ತಾರೆ. ಇಂಥದ್ದು ಕೊಳ್ಳುವಾಗ ಮೇಲಿನಿಂದ ನೋಡಿ. ಕಾವು, ಬೆಣೆ ಎರಡೂ ಸೇರಿ ತೂತು ಪೂರ್ತಿ ತುಂಬಿರಬೇಕು. ಸಂದು ಕಂಡರೆ, ಅಥವಾ ಸಂದಿಗೆ ಅಂಟು ಸುರಿದಿದ್ದರೆ, ಬೇಡ.

ಬೇಸಿಗೆಯಲ್ಲಿ ಕಾವು ಕುಗ್ಗಿ ತಲೆ ಸಡಿಲ ಆದಾಗ ನಮ್ಮಲ್ಲಿ ಎಲ್ಲರೂ ಒಂದು ಉಪಾಯ ಮಾಡುತ್ತಾರೆ. ರಾತ್ರಿ ಬಕೆಟ್ ನೀರಲ್ಲಿ ಕೊಡಲಿ ಮುಳುಗಿಸಿಡುತ್ತಾರೆ. ಬೆಳಿಗ್ಗೆ ಮರ ಉಬ್ಬಿ ಬಿಗಿಯಾಗಿರುತ್ತದೆ. ಅವತ್ತಿನ ಕೆಲಸ ನಡೆಯುತ್ತದೆ ನಿಜ. ಆದರೆ ಉಬ್ಬಿದ ಎಳೆ ಕಬ್ಬಿಣಕ್ಕೆ ಒತ್ತಿಕೊಂಡು ನಜ್ಜಾಗುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಜಾಸ್ತಿ ಸಡಿಲ. ನೀರಿನ ಬದಲು ಕಾವಿನ ಮೇಲ್ತುದಿಗೆ ಅಗಸೆ ಎಣ್ಣೆ ಕುಡಿಸಿ, ಬೆಣೆ ಹೊಸದು ಹೊಡೆಯಿರಿ.

ಇನ್ನು ಕಬ್ಬಿಣ. ಇಲ್ಲಿ ನೋಡಬೇಕಾದ್ದು ಹದ, ಅಂದರೆ ಕಾಸಿ ಅದ್ದಿ ಉಕ್ಕಿಗೆ ಕೊಡುವ ಗಟ್ಟಿತನ. ಬಾಯಿ ಗಟ್ಟಿ ಇರಬೇಕು, ತೂತಿನ ಸುತ್ತ ಮೆತ್ತಗಿರಬೇಕು. ಪೂರ್ತಿ ಗಟ್ಟಿಯಾದರೆ ಬಿರುಕು ಬಿಡುತ್ತದೆ, ಪೂರ್ತಿ ಮೆತ್ತಗಾದರೆ ಮೊದಲ ದಿನವೇ ಬಾಯಿ ಮಡಚುತ್ತದೆ. ಹಳೇ ಕಮ್ಮಾರರು ಇದಕ್ಕೇ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕು ಕೂಡಿಸುತ್ತಿದ್ದರು. ಈಗ ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಿ ಬಳಸುತ್ತಾರೆ. ಅದರಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರಷ್ಟು ಇರುತ್ತದೆ. ಹದ ಹಿಡಿಯೋಕೆ ಅಷ್ಟು ಬೇಕು. ಕಿಟಕಿ ಸರಳಿನಂಥ ಸಾದಾ ಕಬ್ಬಿಣವನ್ನು ಎಷ್ಟು ಕಾಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ.

ನಮ್ಮೂರ ಹತ್ತಿರ ಒಬ್ಬರು ಕಮ್ಮಾರರು ಇದ್ದರು. ಅವರ ಕುಲುಮೆಯ ಮುಂದೆ ಗಂಟೆಗಟ್ಟಲೆ ಕೂತಿದ್ದೇನೆ. ಹದ ಹಾಕುವ ದಿನ ಅವರು ಸಂಜೆಯವರೆಗೆ ಕಾಯುತ್ತಿದ್ದರು. ಬೆಳಕು ಜಾಸ್ತಿ ಇದ್ದರೆ ಬಣ್ಣ ತಿಳಿಯುವುದಿಲ್ಲ ಅನ್ನುತ್ತಿದ್ದರು. ಬಾಯಿ ಕೆಂಪಗೆ ಕಾದ ಮೇಲೆ ಎರಡು ಬೆರಳಿನಷ್ಟು ಭಾಗ ಮಾತ್ರ ನೀರಿಗೆ ಅದ್ದಿ, ತಕ್ಷಣ ತೆಗೆದು, ಕಲ್ಲಿನಲ್ಲಿ ಒಂದು ಉಜ್ಜು ಉಜ್ಜಿ ಬಿಳಿ ಮಾಡಿಕೊಳ್ಳುತ್ತಿದ್ದರು. ತಲೆಯ ಮೈಯಲ್ಲಿ ಉಳಿದ ಬಿಸಿ ನಿಧಾನವಾಗಿ ಬಾಯಿಯ ಕಡೆ ಇಳಿಯುತ್ತದೆ. ಅದರ ಜೊತೆ ಬಣ್ಣವೂ ಇಳಿಯುತ್ತದೆ. ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಹುಲ್ಲಿನ ಬಣ್ಣ ದಾಟಿ ಕಂದು ಹತ್ತುತ್ತಿದ್ದ ಹಾಗೆ ಪೂರ್ತಿ ಮುಳುಗಿಸಿಬಿಡುತ್ತಿದ್ದರು. ಉಸಿರು ಬಿಗಿಹಿಡಿದು ನೋಡುವ ಕೆಲಸ ಅದು. ನಾಲ್ಕೈದು ಕ್ಷಣ ತಡ ಆದರೂ ಬಾಯಿ ಮೆತ್ತಗಾಯಿತು ಅಂತಲೇ ಲೆಕ್ಕ.

ಅಂಗಡಿಯಲ್ಲಿ ನಿಂತು ಹದ ನೋಡೋಕೆ ಒಂದು ಸಣ್ಣ ಅರ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಫೈಲು ಅಂತ ಕೇಳಿದರೆ ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲೂ ಕೊಡುತ್ತಾರೆ. ಅಂಗಡಿಯವರನ್ನು ಕೇಳಿ, ಬಾಯಿಯ ಮೂಲೆಗೆ ಒಂದು ಸಲ ಮೆಲ್ಲಗೆ ಎಳೆಯಿರಿ. ಬೆಣ್ಣೆಯ ಹಾಗೆ ಕೊರೆದರೆ ಹದ ಇಲ್ಲ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಅತಿ ಗಟ್ಟಿ, ಗಂಟಿಗೆ ಬಿದ್ದಾಗ ಚೂರು ಹಾರುತ್ತದೆ. ಒತ್ತಿದಾಗ ಮಾತ್ರ ಹಲ್ಲು ಹತ್ತಿದರೆ ಸರಿಯಾದ ಹದ. ಆಮೇಲೆ ಬೆರಳಿನ ಗೆಣ್ಣಿನಿಂದ ತಲೆಯನ್ನು ತಟ್ಟಿ ನೋಡಿ, ತಿರುಗಿಸಿ ನೋಡಿ. ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದ್ದರೆ ಬಿಟ್ಟುಬಿಡಿ.

ಕೆನ್ನೆ, ಅಂದರೆ ಬಾಯಿಯಿಂದ ಹಿಂದಕ್ಕೆ ತಲೆಯ ಎರಡು ಪಕ್ಕ, ಹೇಗೆ ದಪ್ಪಗಾಗುತ್ತದೆ ಅಂತಲೂ ನೋಡಬೇಕು. ತೆಳ್ಳಗಿದ್ದರೆ ಆಳಕ್ಕೆ ಇಳಿಯುತ್ತದೆ, ಆದರೆ ಸೌದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದಪ್ಪಗಿದ್ದರೆ ಬೆಣೆಯ ಹಾಗೆ ಸೀಳುತ್ತದೆ. ಸ್ವೀಡನ್ನಿನ ಕಾಡು ಕೊಡಲಿಗಳು ತೆಳ್ಳಗಿರುವುದು ಅಲ್ಲಿನ ಮೆದು ಮರಕ್ಕಾಗಿ. ನಮ್ಮ ಒಣ ಹುಣಸೆ, ಅಕೇಶಿಯಾ, ಹಳೇ ಕಾಫಿ ಬುಡದ ಗಂಟಿಗೆ ಆ ತೆಳು ಬಾಯಿ ಬಿದ್ದರೆ ಚಕ್ಕೆ ಹಾರಬಹುದು. ನಿಮಗೆ ಸ್ವಲ್ಪ ಮೈದುಂಬಿದ ಕೆನ್ನೆಯ ಕೊಡಲಿಯೇ ಒಳ್ಳೆಯದು.

ಅಷ್ಟು ಹೇಳಿದ ಮೇಲೂ, ಸ್ವೀಡನ್ನಿನ ಕೊಡಲಿಯ ಬಗ್ಗೆ ನನಗೆ ಗೌರವ ಇದೆ. ಹುಲ್ಟ್ಸ್ ಬ್ರುಕ್ ಕುಲುಮೆ 1697ರದ್ದು. ಗ್ರೆನ್ಸ್‌ಫೋರ್ಸ್ ಬ್ರುಕ್ 1902ರದ್ದು, ಅಲ್ಲಿ ಪ್ರತಿ ತಲೆಯ ಮೇಲೂ ಅದನ್ನು ಬಡಿದ ಕಮ್ಮಾರರ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಾರೆ. ಕೆಲಸ ಮಾಡಿದವನ ಗುರುತು ಕೆಲಸದ ಮೇಲೆ ಇರುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಸ್ನೇಹಿತರೊಬ್ಬರ ಹತ್ತಿರ ಇದ್ದ ಗ್ರೆನ್ಸ್‌ಫೋರ್ಸ್‌ನ ‘ಸ್ಮಾಲ್ ಫಾರೆಸ್ಟ್ ಆಕ್ಸ್’ ಬಳಸಿ ನೋಡಿದ್ದೇನೆ. ಕೈಯಲ್ಲಿ ಹಿಡಿದ ತಕ್ಷಣ ಗೊತ್ತಾಗುತ್ತದೆ. ದುಡ್ಡು ಇದ್ದು, ನಾಲ್ಕು ವರ್ಷ ಕೊಡಲಿ ಬಳಸಿ ಪಳಗಿದ ಮೇಲೆ ತಗೊಂಡರೆ ಖಂಡಿತ ಸಂತೋಷ ಕೊಡುತ್ತದೆ. ಈಗಲೇ ತಂದರೆ ಹಾಳಾಗುತ್ತದೆ ಅನ್ನುವ ಭಯದಲ್ಲಿ ನೀವು ಅದನ್ನು ಬಳಸುವುದೇ ಇಲ್ಲ. ಫಿನ್ಲೆಂಡಿನ ಫಿಸ್ಕಾರ್ಸ್ ಎಕ್ಸ್7 ಕಾವೂ ಸೇರಿ ಸುಮಾರು 640 ಗ್ರಾಂ, ಸೀಳೋಕೆ ಚೆನ್ನಾಗಿದೆ, ತಲೆ ಸಡಿಲ ಆಗುವುದಿಲ್ಲ. ಆದರೆ ಅದು ಗಿಡ್ಡ, ಕಾವು ಪ್ಲಾಸ್ಟಿಕ್ ಜಾತಿಯದು, ಮುರಿದರೆ ಬೇರೆ ಹಾಕೋಕೆ ಆಗುವುದಿಲ್ಲ. ಅಮೆರಿಕದ ಎಸ್ಟ್‌ವಿಂಗ್‌ನಲ್ಲಿ ತಲೆಯೂ ಕಾವೂ ಒಂದೇ ಉಕ್ಕು. ಗಟ್ಟಿಯೋ ಗಟ್ಟಿ. ಆದರೆ ಒಣ ಅಕೇಶಿಯಾಕ್ಕೆ ಹೊಡೆದರೆ ಅದುರು ಮೊಣಕೈವರೆಗೆ ಬರುತ್ತದೆ.

ಹೊಸ ಕೊಡಲಿ, ಅದರಲ್ಲೂ ಊರಿನದು, ಹರಿತ ಇರುವುದಿಲ್ಲ. ಮಾಡಿಕೊಳ್ಳಬೇಕು. ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಗೆರೆ ಹೊಳೆದರೆ ಅಲ್ಲಿ ಮೊಂಡು. ಅರದಿಂದ ಎರಡೂ ಪಕ್ಕ ಸಮನಾಗಿ ಎಳೆದು ಆಕಾರ ಕೊಡಿ, ಆಮೇಲೆ ಸಾಣೆಕಲ್ಲಿಗೆ ನೀರು ಹಾಕಿ ಸುತ್ತು ಸುತ್ತಾಗಿ ಮಸೆಯಿರಿ. ಎರಡೂ ಪಕ್ಕ ಸೇರಿ 30 ಡಿಗ್ರಿ ಆಸುಪಾಸು ಇದ್ದರೆ ನಮ್ಮ ಮರಕ್ಕೆ ಸರಿ. ಬೇಗ ಆಗಲಿ ಅಂತ ಗ್ರೈಂಡರಿಗೆ ಹಿಡಿಸಬೇಡಿ. ಕಿಡಿ ಹಾರುವಾಗ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡಿತು ಅಂದರೆ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಕಮ್ಮಾರರು ಉಸಿರು ಹಿಡಿದು ಕೊಟ್ಟ ಹದ ಅಲ್ಲಿಗೆ ಹೋಯಿತು.

ಈಗ ನಿಮ್ಮ ಮಗನ ವಿಷಯ. ಹನ್ನೊಂದು ವರ್ಷ ಕಲಿಯೋಕೆ ಒಳ್ಳೆ ವಯಸ್ಸು. ಬೀಸೋಕೆ ಬಿಡಬೇಡಿ ಅಷ್ಟೇ. ಮೊದಲ ವರ್ಷ ಅವನು ಮೊಣಕಾಲೂರಿ ಕೂತೇ ಕೆಲಸ ಮಾಡಲಿ. ಕೂತರೆ ತಪ್ಪಿದ ಏಟು ಕಾಲಿಗೆ ಬರುವ ಮೊದಲು ನೆಲಕ್ಕೋ ಕೊರಡಿಗೋ ಬೀಳುತ್ತದೆ. ಮುಂದೆ ಅಗಲವಾದ ಕೊರಡು ಇರಲಿ. ಸೌದೆ ತುಂಡನ್ನು ಕೊರಡಿನ ಮೇಲೆ ನಿಲ್ಲಿಸಿ, ನೀವು ಕೊಡಲಿಯ ಬಾಯಿಯನ್ನು ಅದರ ತಲೆಗೆ ತಾಗಿಸಿ ಹಿಡಿಯಿರಿ. ಅವನು ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಕೊಡಲಿಯ ಹಿಂಬದಿಗೆ ಬಡಿಯಲಿ. ಕಬ್ಬಿಣದ ಸುತ್ತಿಗೆ ಬೇಡ, ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಇದು ರೂಢಿ ಆದ ಮೇಲೆ ಅವನೇ ತುಂಡನ್ನೂ ಕೊಡಲಿಯನ್ನೂ ಒಟ್ಟಿಗೆ ಎತ್ತಿ ಕುಟ್ಟುವುದನ್ನು ಕಲಿಯಲಿ. ಸೀಳುವ ತುಂಡನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದುಕೊಡುವ ಪದ್ಧತಿ ಯಾವತ್ತೂ ಬೇಡ. ಕೊಡಲಿಯನ್ನು ಪೂರ್ತಿ ಚಾಚಿ ಸುತ್ತ ಒಂದು ಸಲ ನಿಧಾನವಾಗಿ ತಿರುಗಿಸಿ ನೋಡಲಿ, ಆ ಸುತ್ತಿನೊಳಗೆ ಮನುಷ್ಯರೂ ಇರಬಾರದು, ಬಳ್ಳಿಯೂ ಇರಬಾರದು. ಚಪ್ಪಲಿ ಬೇಡ, ಶೂ ಹಾಕಲಿ. ಕತ್ತಲಾದ ಮೇಲೆ ಕೊಡಲಿ ಮುಟ್ಟುವಂತಿಲ್ಲ, ನೀವೂ ಕೂಡ. ರಾತ್ರಿಗೆ ಬೇಕಾದ ಸೌದೆ ಬೆಳಕಿರುವಾಗಲೇ ಆಗಬೇಕು. ದಪ್ಪ ಬಟ್ಟೆ, ಬ್ಯಾಂಡೇಜು ಕೈಗೆ ಸಿಗುವಲ್ಲಿ ಇರಲಿ. ಧನುರ್ವಾಯು ಇಂಜೆಕ್ಷನ್ ಎಲ್ಲರಿಗೂ ಆಗಿದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.

ಕೊಡಲಿಯ ಆರೈಕೆಯನ್ನು ಅವನಿಗೇ ವಹಿಸಿ. ಊರಿಗೆ ವಾಪಸು ಬಂದ ದಿನ ಬಾಯಿ ಒರೆಸಿ, ತುಕ್ಕು ಹಿಡಿಯದ ಹಾಗೆ ಚೂರು ಕೊಬ್ಬರಿ ಎಣ್ಣೆ ಸವರಲಿ. ಚರ್ಮದ ಒರೆ ಮಾಡಿಸಿ, ಇಲ್ಲದಿದ್ದರೆ ಹಳೇ ಟೈರ್ ಟ್ಯೂಬ್ ಕತ್ತರಿಸಿ ಸುತ್ತಿದರೂ ಆಯಿತು. ಮಳೆಗಾಲದ ಮೊದಲು ಒಂದು ಸಲ, ಆಮೇಲೆ ಒಂದು ಸಲ, ಕಾವಿಗೆ ಅಗಸೆ ಎಣ್ಣೆ ಉಜ್ಜಲಿ. ಒಂದು ರಾತ್ರಿ ಬಿಟ್ಟು, ಕುಡಿಯದೆ ಉಳಿದ ಎಣ್ಣೆ ಒರೆಸಿ ತೆಗೆಯಲಿ. ಆ ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂತು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರಡಿ ಹಾಕಿ, ಪೂರ್ತಿ ಗರಿಗರಿ ಒಣಗಿದ ಮೇಲೆ ಎಸೆಯಿರಿ.